ಮೂತಿ ಲಾರಿಗಳ ಕಾಲ: 'ಬೆಂಜ್', ಲೇಲ್ಯಾಂಡ್, ಫಾರ್ಗೋ ಮತ್ತು ಅವನ್ನು ಓಡಿಸಿದವರು

ಅಂಗಡಿಗೆ ಸಾಮಾನು ಇವತ್ತು ಟಾಟಾ ಏಸ್‌ನಲ್ಲೋ ಬೊಲೆರೊ ಪಿಕಪ್‌ನಲ್ಲೋ ಬಂದು ಬಾಗಿಲಿಗೇ ಇಳಿಯುತ್ತದೆ. ನಲವತ್ತು ವರ್ಷದ ಹಿಂದೆ ಹೀಗಿರಲಿಲ್ಲ. ಅಕ್ಕಿ, ಸಕ್ಕರೆ, ಸಿಮೆಂಟು, ಗೊಬ್ಬರ, ಹಂಚು, ಸೀಮೆಎಣ್ಣೆ ಬ್ಯಾರಲ್ಲು, ಏನೇ ಇರಲಿ, ತಾಲ್ಲೂಕು ಪೇಟೆಗೆ ತರುತ್ತಿದ್ದದ್ದು ಮುಂದಕ್ಕೆ ಮೂತಿ ಚಾಚಿಕೊಂಡ ದೊಡ್ಡ ಲಾರಿ. ಜನರ ಬಾಯಲ್ಲಿ ಅದು 'ಬೆಂಜ್ ಲಾರಿ'. ಅದರ ಜತೆಗೆ ಲೇಲ್ಯಾಂಡ್, ಫಾರ್ಗೋ, ಬೆಡ್‌ಫೋರ್ಡ್ ಕೂಡ ಓಡಾಡುತ್ತಿದ್ದವು.

ಈಗ ಅವು ರಸ್ತೆಯಲ್ಲಿ ಕಾಣೋದು ಅಪರೂಪ. ಹಳೇ ಕಾರಿಗೆ ಸರ್ಕಾರ 'ವಿಂಟೇಜ್' ಅಂತ ಗೌರವದ ನಂಬರ್ ಪ್ಲೇಟ್ ಕೊಡುತ್ತದೆ. ಲಾರಿಗೆ ಆ ಭಾಗ್ಯ ಇಲ್ಲ. ಅದನ್ನು ಓಡಿಸಿದವರ ಕೈಯಲ್ಲೂ ದುಡಿಮೆಗೆ ದಾಖಲೆ ಅಂತ ಉಳಿದಿರೋದು ಡ್ರೈವಿಂಗ್ ಲೈಸೆನ್ಸ್ ಒಂದೇ. ಆ ಲಾರಿಗಳು ಎಲ್ಲಿಂದ ಬಂದವು, ಅವನ್ನು ಓಡಿಸೋದು ಹೇಗಿತ್ತು, ಈಗ ಹಳೇ ಲಾರಿ ಇರುವವರು ಮತ್ತು ಹಳೇ ಡ್ರೈವರ್‌ಗಳು ಏನು ತಿಳಿದಿರಬೇಕು ಎಂಬ ವಿವರ ಇಲ್ಲಿದೆ.

ಮೊದಲು ಬಂದದ್ದು ಪೆಟ್ರೋಲ್ ಲಾರಿ

ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮಲ್ಲಿ ಲಾರಿ ತಯಾರಾಗುತ್ತಿರಲಿಲ್ಲ. ಬಿಡಿಭಾಗ ಹಡಗಿನಲ್ಲಿ ಬರುತ್ತಿತ್ತು, ಇಲ್ಲಿ ಜೋಡಿಸುತ್ತಿದ್ದರು. ಅಮೆರಿಕದ ಜನರಲ್ ಮೋಟರ್ಸ್ 1928ರಲ್ಲೇ ಮುಂಬೈಯಲ್ಲಿ ಜೋಡಣೆ ಶುರುಮಾಡಿ ಷೆವರ್ಲೆ ಲಾರಿ ಇಳಿಸಿತು. ಫೋರ್ಡ್ ಕೂಡ ಹಾಗೇ ಮಾಡಿತು. ಇವೆಲ್ಲ ಪೆಟ್ರೋಲ್ ಗಾಡಿಗಳು.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಆಗ ಬಸ್ಸು, ಲಾರಿಗಳ ಮೈಗೆ ದೊಡ್ಡ ಒಲೆಯಂಥ ಡ್ರಮ್ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಎಂಜಿನ್ ಓಡಿಸಿದರು. ಹೊರಡೋಕೆ ಬಹಳ ಮುಂಚೆಯೇ ಕ್ಲೀನರ್ ಫ್ಯಾನ್ ತಿರುವಿ ಕೆಂಡ ಮಾಡಬೇಕಿತ್ತು. ಏರು ಸಿಕ್ಕರೆ ಗಾಡಿ ಉಸಿರು ಬಿಡುತ್ತಿತ್ತು.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟ ಲಾರಿಗಳು ಹರಾಜಿಗೆ ಬಂದವು. ಎಲ್ಲ ಚಕ್ರಕ್ಕೂ ಪವರ್ ಇದ್ದ ಈ ಗಾಡಿಗಳು ಮಲೆನಾಡು, ಕೊಡಗಿನ ಕಾಡಿನಲ್ಲಿ ನಾಟಾ ಎಳೆಯೋಕೆ ಹೇಳಿ ಮಾಡಿಸಿದಂತಿದ್ದವು. ಕೆಸರಿನಲ್ಲಿ ಆನೆ ಹೋಗುವ ದಾರಿಯಲ್ಲಿ ಇವೂ ಹೋಗುತ್ತಿದ್ದವು.

ಬೆಂಗಳೂರಿಗೆ ತಪ್ಪಿಹೋದ ಕಾರ್ಖಾನೆ

ಭಾರತದಲ್ಲೇ ಮೋಟಾರು ಗಾಡಿ ತಯಾರಾಗಬೇಕು ಅಂತ ಹಠ ಹಿಡಿದವರಲ್ಲಿ ಮೊದಲಿಗರು ಸರ್ ಎಂ. ವಿಶ್ವೇಶ್ವರಯ್ಯ. 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಅಲ್ಲಿನ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಬೆಂಗಳೂರಿನಲ್ಲಿ ಕಾರ್ಖಾನೆ ಹಾಕುವ ಮಾತಾಯಿತು, ಮೈಸೂರು ಸರ್ಕಾರವೂ ಬೆಂಬಲಕ್ಕೆ ಮುಂದೆ ಬಂತು. ಆದರೆ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯೋಜನೆ ಬಿದ್ದುಹೋಯಿತು.

ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾಕಿದ್ದು ವಿಮಾನ ಕಾರ್ಖಾನೆ. ಅದೇ ಇವತ್ತಿನ ಎಚ್ಎಎಲ್. ಮೋಟಾರು ಕಾರ್ಖಾನೆ ಮುಂಬೈ ಪಾಲಾಯಿತು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಗಿ, ಕ್ರೈಸ್ಲರ್ ಕಂಪನಿಯ ಲೈಸೆನ್ಸಿನಲ್ಲಿ ಕುರ್ಲಾದಿಂದ ಡಾಡ್ಜ್, ಫಾರ್ಗೋ ಲಾರಿಗಳು ಹೊರಬಂದವು. ನಮ್ಮ ಹಿರಿಯರು 'ಫಾರ್ಗೋ' ಅಂತ ಕರೆಯುತ್ತಿದ್ದ ಲಾರಿಯ ಹಿಂದೆ ಹೀಗೊಂದು ಮೈಸೂರು ಕಥೆ ಇದೆ.

1954: 'ಬೆಂಜ್' ಬಂತು

1953ರಲ್ಲಿ ಟ್ಯಾರಿಫ್ ಕಮಿಷನ್ ಒಂದು ಮಾತು ಖಡಕ್ಕಾಗಿ ಹೇಳಿತು. ಇಲ್ಲೇ ತಯಾರಿಸುವ ಕಾರ್ಯಕ್ರಮ ಇದ್ದವರು ಇರಲಿ, ಬರೀ ಜೋಡಿಸುವವರು ಹೋಗಲಿ. ಜನರಲ್ ಮೋಟರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು.

ರೈಲು ಎಂಜಿನ್ ತಯಾರಿಸಲು 1945ರಲ್ಲಿ ಶುರುವಾಗಿದ್ದ ಟಾಟಾದವರ ಟೆಲ್ಕೋ ಕಂಪನಿ, ಜರ್ಮನಿಯ ಡೈಮ್ಲರ್-ಬೆಂಜ್ ಜತೆ 15 ವರ್ಷದ ಒಪ್ಪಂದ ಮಾಡಿಕೊಂಡಿತು. 1954ರಲ್ಲಿ ಜಮ್‌ಶೇಡ್‌ಪುರದಿಂದ ಮೊದಲ ಲಾರಿ ಹೊರಬಂತು. ಮಾಡೆಲ್ ಹೆಸರು ಎಲ್-312. ಆರು ಸಿಲಿಂಡರಿನ ಡೀಸೆಲ್ ಎಂಜಿನ್, ಉಬ್ಬಿದ ಬಾನೆಟ್, ಮುಂದೆ ಮೂರು ಮೂಲೆಯ ನಕ್ಷತ್ರ. ಜನ ಟಾಟಾ ಅನ್ನಲಿಲ್ಲ, 'ಬೆಂಜ್' ಅಂದರು.

1969ಕ್ಕೆ ಒಪ್ಪಂದ ಮುಗಿಯಿತು. ನಕ್ಷತ್ರ ಹೋಗಿ ಟಾಟಾದ 'ಟಿ' ಬಂತು. ಹೆಸರು ಮಾತ್ರ ಹೋಗಲಿಲ್ಲ. 1970, 80ರ ದಶಕದ 1210 ಲಾರಿಯನ್ನೂ ಹಳ್ಳಿಗಳಲ್ಲಿ ಬೆಂಜ್ ಅಂತಲೇ ಕರೆದರು.

ಡೀಸೆಲ್ ಬಂದದ್ದೇ ದೊಡ್ಡ ಬದಲಾವಣೆ. ಪೆಟ್ರೋಲಿಗಿಂತ ಖರ್ಚು ಕಡಿಮೆ, ಎಳೆಯುವ ಶಕ್ತಿ ಜಾಸ್ತಿ, ಎಂಜಿನ್ ಬಾಳಿಕೆಯೂ ಹೆಚ್ಚು. ಮದ್ರಾಸಿನ ಸಿಂಪ್ಸನ್ ಕಂಪನಿಯ ಪರ್ಕಿನ್ಸ್ ಡೀಸೆಲ್ ಎಂಜಿನ್ ಸಿಗತೊಡಗಿದ ಮೇಲೆ, ಹಳೇ ಪೆಟ್ರೋಲ್ ಲಾರಿಗಳ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿಕೊಂಡವರು ಬಹಳ ಮಂದಿ.

ಲೇಲ್ಯಾಂಡ್ ಮತ್ತು ಉಳಿದವು

1948ರಲ್ಲಿ ಮದ್ರಾಸಿನಲ್ಲಿ ರಘುನಂದನ್ ಸರಣ್ ಅವರು ಅಶೋಕ್ ಮೋಟರ್ಸ್ ಶುರು ಮಾಡಿದ್ದು ಆಸ್ಟಿನ್ ಕಾರು ಜೋಡಿಸಲು. ಆಮೇಲೆ ಇಂಗ್ಲೆಂಡಿನ ಲೇಲ್ಯಾಂಡ್ ಜತೆ ಸೇರಿ ಲಾರಿ, ಬಸ್ಸಿನ ಕಡೆ ತಿರುಗಿತು. 1955ರಲ್ಲಿ ಹೆಸರೇ ಅಶೋಕ್ ಲೇಲ್ಯಾಂಡ್ ಆಯಿತು. ಕಾಮೆಟ್ ಅವರ ಹೆಸರುವಾಸಿ ಗಾಡಿ. ಭಾರ ಹೊರೋಕೆ ಲೇಲ್ಯಾಂಡ್, ಸಲೀಸಾಗಿ ಓಡಿಸೋಕೆ ಬೆಂಜ್ ಅನ್ನೋ ವಾದ ಲಾರಿ ಸ್ಟ್ಯಾಂಡುಗಳಲ್ಲಿ ಎಂದೂ ಮುಗಿಯಲಿಲ್ಲ. 1980ರಲ್ಲಿ ನಮ್ಮ ಗಡಿಯ ಪಕ್ಕದ ಹೊಸೂರಿನಲ್ಲೂ ಇವರ ಕಾರ್ಖಾನೆ ಬಂತು.

ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಬೆಡ್‌ಫೋರ್ಡ್ ಲಾರಿ ತಯಾರಿಸಿತು. ಜಬಲ್ಪುರದಲ್ಲಿ 1959ರಿಂದ ಜರ್ಮನಿಯ ಎಂ.ಎ.ಎನ್ ಲೈಸೆನ್ಸಿನ 'ಶಕ್ತಿಮಾನ್' ಸೇನೆಗಾಗಿ ತಯಾರಾಯಿತು. ಸೇನೆ ಕೈಬಿಟ್ಟ ಮೇಲೆ ಅದೂ ನಾಟಾ ಲಾರಿಯಾಗಿ ದುಡಿಯಿತು.

ಮಾಡೆಲ್ ನಂಬರ್ ಓದೋದು ಹೇಗೆ?

ಟಾಟಾ ಲಾರಿಯ ನಂಬರಿನಲ್ಲೇ ಅದರ ಜಾತಕ ಇದೆ. ಮೊದಲ ಅಂಕಿ ಲೋಡ್ ಸಮೇತ ಗಾಡಿಯ ಒಟ್ಟು ತೂಕ, ಟನ್ ಲೆಕ್ಕದಲ್ಲಿ. ಕೊನೆಯ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ಹಾರ್ಸ್ ಪವರ್.

• 1210: ಸುಮಾರು 12 ಟನ್, 100 ಹಾರ್ಸ್ ಪವರ್ ಆಸುಪಾಸು
• 1612: ಸುಮಾರು 16 ಟನ್, 120 ಹಾರ್ಸ್ ಪವರ್ ಆಸುಪಾಸು
• 407: ಸುಮಾರು 4 ಟನ್, 70 ಹಾರ್ಸ್ ಪವರ್ ಆಸುಪಾಸು. 1986ರಲ್ಲಿ ಬಂತು

ಹಳೇ ಎಲ್-312ಕ್ಕೆ ಈ ಲೆಕ್ಕ ಹೊಂದಲ್ಲ, ಅದು ಜರ್ಮನ್ ಸರಣಿ ಸಂಖ್ಯೆ. ಲೇಲ್ಯಾಂಡ್ ಕಾಮೆಟ್ 350ರಲ್ಲಿ 350 ಅಂದರೆ ಎಂಜಿನ್ನಿನ ಗಾತ್ರ, ಘನ ಇಂಚಿನಲ್ಲಿ.

ಬರೀ ಚಾಸಿ ಮೇಲೆ ಸಾವಿರಾರು ಕಿಲೋಮೀಟರ್

ಆಗ ಕಾರ್ಖಾನೆಯಿಂದ ಸಿಗುತ್ತಿದ್ದದ್ದು ಬರೀ ಚಾಸಿ. ಎಂಜಿನ್, ಚಕ್ರ, ಸ್ಟೀರಿಂಗ್, ಮುಂದಿನ ಮೂತಿ. ಕ್ಯಾಬಿನ್ನೂ ಇಲ್ಲ, ಬಾಡಿಯೂ ಇಲ್ಲ. ಹಲಗೆ ಅಥವಾ ಪೆಟ್ಟಿಗೆ ಮೇಲೆ ಕೂತು, ಮುಖಕ್ಕೆ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಚಾಸಿ ಡ್ರೈವರ್‌ಗಳು ಜಮ್‌ಶೇಡ್‌ಪುರದಿಂದ ದಕ್ಷಿಣಕ್ಕೆ ಬಿಸಿಲು, ಮಳೆಯಲ್ಲೇ ಓಡಿಸಿಕೊಂಡು ಬರುತ್ತಿದ್ದರು.

ಆಮೇಲೆ ಗಾಡಿ ಬಡಗಿ ಕೈಗೆ. ಮರದ ಕ್ಯಾಬಿನ್, ಮರದ ಬಾಡಿ, ಕಬ್ಬಿಣದ ಪಟ್ಟಿ. ತಮಿಳುನಾಡಿನ ನಾಮಕ್ಕಲ್ ಬಾಡಿ ಕಟ್ಟುವುದಕ್ಕೇ ಹೆಸರಾಯಿತು. ಪಕ್ಕದ ತಿರುಚೆಂಗೋಡಿನ ಬೋರ್‌ವೆಲ್ ಲಾರಿಗಳನ್ನು ನೋಡದ ಹಳ್ಳಿ ನಮ್ಮ ಬಯಲುಸೀಮೆಯಲ್ಲಿ ಇರಲಿಕ್ಕಿಲ್ಲ. ಕೊನೆಗೆ ಪೇಂಟರ್ ಬಂದು ಹಣೆಗೆ ಮನೆದೇವರ ಹೆಸರು, ಹಿಂದೆ 'ಸೌಂಡ್ ಹಾರ್ನ್' ಬರೆದರೆ ಲಾರಿ ರೆಡಿ.

ಓಡಿಸೋದು ಹುಡುಗಾಟ ಆಗಿರಲಿಲ್ಲ

ಬೆಳಿಗ್ಗೆ ಎಂಜಿನ್ ಚಾಲೂ ಮಾಡೋಕೇ ತಾಳ್ಮೆ ಬೇಕಿತ್ತು. ಹಳೇ ಬೆಂಜ್‌ನಲ್ಲಿ ಮೊದಲು ಹೀಟರ್ ಹಾಕಬೇಕು. ಡ್ಯಾಷ್‌ಬೋರ್ಡಿನ ಸಣ್ಣ ಸುರುಳಿ ಕೆಂಪಾದ ಮೇಲೆ ಸೆಲ್ಫ್ ಹೊಡೆಯಬೇಕು.

ಗೇರ್ ಹಾಕೋದು ಮುಂದಿನ ಪರೀಕ್ಷೆ. ಆ ಗೇರ್‌ಬಾಕ್ಸುಗಳಲ್ಲಿ ಹಲ್ಲುಗಳ ವೇಗ ಹೊಂದಿಸಿಕೊಡುವ ವ್ಯವಸ್ಥೆ ಇರಲಿಲ್ಲ, ಅದನ್ನು ಡ್ರೈವರೇ ಕಾಲಿನಲ್ಲಿ ಹೊಂದಿಸಬೇಕು. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಡು, ಗೇರ್ ಇಳಿಸೋದಾದರೆ ಆಕ್ಸಿಲರೇಟರ್ ಒಂದು ಸಲ ಒತ್ತು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕು. ಇದೇ 'ಡಬಲ್ ಕ್ಲಚ್'. ತಪ್ಪಿದರೆ ಕರಕರ ಶಬ್ದ ಇಡೀ ಪೇಟೆಗೆ ಕೇಳಿಸುತ್ತಿತ್ತು. ಏರಿನಲ್ಲಿ ತಪ್ಪಿದರೆ ಲೋಡ್ ಲಾರಿ ಹಿಂದಕ್ಕೆ ಜಾರುತ್ತಿತ್ತು.

ಪವರ್ ಸ್ಟೀರಿಂಗ್ ಇಲ್ಲ. ನಿಂತಲ್ಲಿ ಚಕ್ರ ತಿರುಗಿಸಬೇಕಾದರೆ ಸೀಟಿನಿಂದ ಅರ್ಧ ಎದ್ದು, ಮೈಭಾರ ಹಾಕಿ ಎಳೆಯಬೇಕು. ಎಂಜಿನ್ ಕಾವು ನೇರ ಕಾಲಿಗೆ. ಹೊಸ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯ ಆದದ್ದು 2025ರ ಅಕ್ಟೋಬರ್ 1ರಿಂದ ತಯಾರಾದ ಗಾಡಿಗಳಿಗೆ. ಮೊದಲ ಬೆಂಜ್ ಬಂದು ಆಗಲೇ 71 ವರ್ಷ ಆಗಿತ್ತು.

ಘಾಟಿ ಎಂಬ ಪರೀಕ್ಷೆ

ಮಂಗಳೂರಿನಿಂದ ಮೇಲಕ್ಕೆ ಬರಬೇಕಾದರೆ ಶಿರಾಡಿ, ಚಾರ್ಮಾಡಿ ಅಥವಾ ಸಂಪಾಜೆ ಹತ್ತಬೇಕು. ಅಂಕೋಲಾದಿಂದ ಹುಬ್ಬಳ್ಳಿಗೆ ಅರಬೈಲು ಘಾಟಿ. ಆಗುಂಬೆಯ 14 ತಿರುವುಗಳು ಎಷ್ಟು ಬಿಗಿ ಅಂದರೆ, ಅಲ್ಲಿ ಈಗ ಭಾರಿ ವಾಹನಗಳಿಗೆ ಪ್ರವೇಶವೇ ಇಲ್ಲ.

ಹಾಸನ–ಮಂಗಳೂರು ರೈಲು ಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಗೇಜ್ ಬದಲಾವಣೆಗೆ 1996ರಲ್ಲಿ ನಿಂತ ಮಾರ್ಗದಲ್ಲಿ ಗೂಡ್ಸ್ ರೈಲು ಮತ್ತೆ ಓಡಿದ್ದು 2006ರಲ್ಲಿ. ರೈಲು ಇಲ್ಲದ ಆ ವರ್ಷಗಳಲ್ಲೆಲ್ಲ ಈ ದಾರಿಯ ಸರಕು ಘಾಟಿ ಹತ್ತಿದ್ದು ಲಾರಿಯಲ್ಲೇ. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆದರೆ ಪೇಟೆಯಲ್ಲಿ ರೇಟು ಏರುವುದು ವ್ಯಾಪಾರಿಗಳಿಗೆ ಗೊತ್ತಿದ್ದ ವಿಷಯ.

ಹಳೇ ಡ್ರೈವರ್‌ಗಳ ಸೂತ್ರ ಒಂದೇ: ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ. ಇದರ ಹಿಂದೆ ಲೆಕ್ಕ ಇದೆ. ಕೆಳಗಿನ ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕ್ ಒತ್ತುತ್ತಲೇ ಇಳಿದರೆ ಡ್ರಮ್ ಕಾದು ಬ್ರೇಕ್ ಹಿಡಿಯಲ್ಲ. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡಿ ಇಳಿಸಿದವರು ಘಾಟಿಯ ಕೆಳಗೆ ಬಿದ್ದ ಉದಾಹರಣೆ ಬೇಕಾದಷ್ಟಿವೆ. ಈ ಮಾತು ಇವತ್ತಿನ ಪಿಕಪ್ ಓಡಿಸುವ ಹುಡುಗರಿಗೂ ಅಷ್ಟೇ ಅನ್ವಯ.

ಕ್ಲೀನರ್: ಅರ್ಧ ಡ್ರೈವರ್

ಕ್ಲೀನರ್ ಅಂದ್ರೆ ಗಾಜು ಒರೆಸೋನು ಅಷ್ಟೇ ಅಲ್ಲ. ಹಿಂದೆ ತೆಗೆಯುವಾಗ ಬಾಡಿ ಬಡಿದು ದಾರಿ ಹೇಳೋನು ಅವನು. ಏರಿನಲ್ಲಿ ಗಾಡಿ ನಿಂತರೆ ಜಿಗಿದು ಹಿಂದಿನ ಚಕ್ರಕ್ಕೆ ಮರದ ತುಂಡು ಕೊಡೋನು ಅವನೇ. ಅರ್ಧ ನಿಮಿಷ ತಡವಾದರೆ ಲಾರಿ ಕಣಿವೆಗೆ. ಪಂಕ್ಚರ್ ಬಿಚ್ಚೋದು, ಟಾರ್ಪಾಲು ಕಟ್ಟೋದು, ಹಗ್ಗ ಬಿಗಿಯೋದು, ಸೀಮೆಎಣ್ಣೆ ಸ್ಟವ್ ಮೇಲೆ ಅನ್ನ ಮಾಡೋದು, ರಾತ್ರಿ ಡ್ರೈವರ್ ತೂಕಡಿಸದಂತೆ ಮಾತಾಡ್ತಾ ಇರೋದು, ಎಲ್ಲ ಅವನ ಕೆಲಸ.

ಕಲಿಕೆಯೂ ಹೀಗೇ ನಡೆಯುತ್ತಿತ್ತು. ಡ್ರೈವಿಂಗ್ ಸ್ಕೂಲ್ ಇಲ್ಲ, ವರ್ಷಗಟ್ಟಲೆ ಪಕ್ಕದಲ್ಲಿ ಕೂತು ನೋಡಿ ಕಲಿಯಬೇಕು. ಖಾಲಿ ಗಾಡಿ, ಸಪಾಟು ರಸ್ತೆ ಸಿಕ್ಕಾಗ ಉಸ್ತಾದ್ ಸ್ಟೀರಿಂಗ್ ಕೊಟ್ಟರೆ ಅದೇ ಪಾಠ. ಓದು ಇಲ್ಲದೆ ಹೀಗೆ ಕಲಿತವರಿಗೆ ಮುಂದೆ ಲೈಸೆನ್ಸಿನಲ್ಲಿ ತೊಡಕಾಯಿತು. ಸರಕು ವಾಹನ ಓಡಿಸೋಕೆ ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆದುಹಾಕಿತು.

ಕಾನೂನು ಇತ್ತು, ಆದರೆ ಯಾರಿಗೆ?

ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದದ್ದು 1961ರಲ್ಲಿ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ದೂರದ ಓಟಕ್ಕೆ ದಿನಕ್ಕೆ 10 ಗಂಟೆವರೆಗೆ ಅವಕಾಶ. ಓದೋಕೆ ಚೆನ್ನಾಗಿದೆ. ಆದರೆ ಈ ಕಾಯ್ದೆ ಅನ್ವಯವಾಗುತ್ತಿದ್ದದ್ದು ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ.

ತಾಲ್ಲೂಕು ಮಟ್ಟದ ಲಾರಿ ವ್ಯವಹಾರ ಹಾಗಿರಲಿಲ್ಲ. ಒಬ್ಬ ಮಾಲೀಕ, ಒಂದು ಲಾರಿ, ಒಬ್ಬ ಡ್ರೈವರ್, ಒಬ್ಬ ಕ್ಲೀನರ್. ಲೆಕ್ಕಕ್ಕೆ ಇಬ್ಬರೇ ಕಾರ್ಮಿಕರು. ಸಂಬಳದ ಚೀಟಿ ಇಲ್ಲ, ಪಿಎಫ್ ಇಲ್ಲ, ಟ್ರಿಪ್ಪಿಗೆ ಇಷ್ಟು ಬಾಟಾ ಅಂತ ಕೈಗೆ ಕೊಟ್ಟರೆ ಮುಗಿಯಿತು. ಎಪಿಎಂಸಿಯಿಂದ ಎಪಿಎಂಸಿಗೆ, ಬಂದರಿನಿಂದ ಗೋಡೌನಿಗೆ ಮೂವತ್ತು ವರ್ಷ ಓಡಿಸಿದವರಿಗೂ 'ಇಷ್ಟು ವರ್ಷ ದುಡಿದೆ' ಅಂತ ತೋರಿಸೋಕೆ ಕಾಗದ ಇಲ್ಲ.

ಒಂದೇ ಲಾರಿಯಿಂದ ಬೆಳೆದವರೂ ಇದ್ದಾರೆ. ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗದಲ್ಲಿ ಒಂದು ಲಾರಿಯಿಂದ ಶುರು ಮಾಡಿದ ವ್ಯವಹಾರವೇ ಇವತ್ತಿನ ವಿಆರ್‌ಎಲ್. ಆದರೆ ಅಂಥವರು ಬೆರಳೆಣಿಕೆ. ಹೆಚ್ಚಿನವರ ಪಾಲಿಗೆ ಉಳಿದದ್ದು ಬೆನ್ನುನೋವು, ಮಂಡಿನೋವು ಮತ್ತು ಎಂಜಿನ್ ಶಬ್ದಕ್ಕೆ ಮಂದವಾದ ಕಿವಿ.

ಕಾರಿಗೆ ವಿಂಟೇಜ್, ಲಾರಿಗೆ ಗುಜರಿ

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ 'ವಿಎ' ಅಕ್ಷರದ ವಿಶೇಷ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಇದು ದ್ವಿಚಕ್ರ ವಾಹನ ಮತ್ತು ಪ್ರಯಾಣಿಕ ಕಾರುಗಳ ವರ್ಗಕ್ಕೆ ಮಾತ್ರ. ಸರಕು ಲಾರಿ ಆ ಪಟ್ಟಿಯಲ್ಲೇ ಇಲ್ಲ.

ಅದೇ ವರ್ಷ ಆಗಸ್ಟ್ 13ರಂದು ಗುಜರಿ ನೀತಿ ಜಾರಿಗೆ ಬಂತು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಭಾರಿ ಲಾರಿಯ ಫಿಟ್‌ನೆಸ್ ನವೀಕರಣ ಶುಲ್ಕವನ್ನು ಕೇಂದ್ರ 12,500 ರೂಪಾಯಿಗೆ ಏರಿಸಿತು. ಹೊಗೆ, ಬ್ರೇಕ್, ಸುರಕ್ಷತೆಯ ದೃಷ್ಟಿಯಿಂದ ಹಳೇ ಲಾರಿ ದುಡಿಮೆಯಿಂದ ಹಿಂದೆ ಸರಿಯಬೇಕು ಅನ್ನೋದು ಸರಿಯೇ. ಅದನ್ನು ಯಾರೂ ಅಲ್ಲಗಳೆಯಲ್ಲ. ಆದರೆ ಜಿಲ್ಲೆಗೊಂದಾದರೂ ಬೆಂಜ್ ಲಾರಿಯನ್ನು ನೆನಪಿಗೆ ಉಳಿಸಿಕೊಳ್ಳಬೇಕು ಅಂದರೆ ಕಾನೂನಿನಲ್ಲಿ ದಾರಿ ಕಾಣುವುದಿಲ್ಲ. ಧರ್ಮಸ್ಥಳದಲ್ಲಿ ಹಳೇ ಕಾರುಗಳ ಸಂಗ್ರಹ ನೋಡೋಕೆ ಜನ ಸಾಲುಗಟ್ಟುತ್ತಾರೆ. ಊರಿಗೆ ಅನ್ನ ತಂದ ಲಾರಿಗೂ ಅಂಥ ಒಂದು ಜಾಗ ಬೇಕು.

ಹಳೇ ಲಾರಿ ಇದ್ದವರು ಗಮನಿಸಿ

• 8 ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು.
• ಗಾಡಿಯನ್ನು ಗುಜರಿಗೆ ಕೊಟ್ಟು ಸುಮ್ಮನಾಗಬೇಡಿ. ವಾಹನ ನಾಶವಾದರೆ ಅಥವಾ ಕೆಲಸಕ್ಕೆ ಬಾರದಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಬೇಕು. ಇಲ್ಲದಿದ್ದರೆ ದಾಖಲೆಯಲ್ಲಿ ಮಾಲೀಕರು ನೀವೇ.
• ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿ ಹೊಸ ಸರಕು ವಾಹನ ಕೊಂಡರೆ ರಸ್ತೆ ತೆರಿಗೆಯಲ್ಲಿ ಗರಿಷ್ಠ ಶೇ 15ರವರೆಗೆ ರಿಯಾಯಿತಿಗೆ ಅವಕಾಶ ಇದೆ.
• ಇನ್ಶೂರೆನ್ಸ್ ಪಾಲಿಸಿಯಲ್ಲಿ ಡ್ರೈವರ್ ಮತ್ತು ಕ್ಲೀನರ್ ಇಬ್ಬರಿಗೂ ಕವರ್ ಇದೆಯಾ ಅಂತ ಓದಿ ನೋಡಿ.

ಡ್ರೈವರ್‌ಗಳು ಗಮನಿಸಿ

• ಸಾರಿಗೆ ವಾಹನದ ಲೈಸೆನ್ಸ್ ಈಗ 5 ವರ್ಷಕ್ಕೊಮ್ಮೆ ನವೀಕರಣ.
• 16ರಿಂದ 59 ವರ್ಷದೊಳಗಿನ, ಪಿಎಫ್, ಇಎಸ್‌ಐ ಇಲ್ಲದ ಡ್ರೈವರ್, ಕ್ಲೀನರ್‌ಗಳು ಇ-ಶ್ರಮ್ ನೋಂದಣಿ ಮಾಡಿಸಿಕೊಳ್ಳಬಹುದು. ದುಡಿಮೆಗೆ ಒಂದು ದಾಖಲೆಯಾದರೂ ಇರುತ್ತದೆ.
• 18ರಿಂದ 40 ವರ್ಷದವರಿಗೆ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಯೋಜನೆ ಇದೆ. ತಿಂಗಳು ತಿಂಗಳು ಕಟ್ಟಿದರೆ 60ರ ನಂತರ ತಿಂಗಳಿಗೆ 3,000 ರೂಪಾಯಿ ಪಿಂಚಣಿ.
• 65 ದಾಟಿದ, ಆದಾಯ ಮಿತಿಯೊಳಗಿನ ಹಿರಿಯರು ನಾಡಕಚೇರಿಯಲ್ಲಿ ಸಂಧ್ಯಾ ಸುರಕ್ಷಾಗೆ ಅರ್ಜಿ ಹಾಕಬಹುದು.

ಲಾರಿ ಮಾತು: ಕೆಲವು ಪದಗಳು

ಬಾಟಾ: ಓಟದ ದಿನದ ಖರ್ಚಿಗೆ ಕೊಡುವ ದುಡ್ಡು.
ಎಲ್‌ಆರ್: ಸರಕಿನ ಜತೆ ಬರುವ ಲಾರಿ ರಸೀದಿ.
ಉಸ್ತಾದ್: ಕಲಿಸಿದ ಹಿರಿಯ ಡ್ರೈವರ್.
ಪ್ಲೇಟು ಮುರಿಯೋದು: ಲೋಡ್ ಜಾಸ್ತಿಯಾಗಿ ಸ್ಪ್ರಿಂಗ್ ಪಟ್ಟಿ ತುಂಡಾಗೋದು.
ರಿಟರ್ನ್ ಲೋಡ್: ವಾಪಸ್ ಬರುವಾಗ ಸಿಗುವ ಬಾಡಿಗೆ. ಇದು ಸಿಕ್ಕರೆ ಲಾಭ, ಸಿಗದಿದ್ದರೆ ಡೀಸೆಲ್ ನಷ್ಟ.

1986ರ ನಂತರ 407ರಂಥ ಸಣ್ಣ ಲಾರಿ, 2005ರಲ್ಲಿ ಟಾಟಾ ಏಸ್ ಬಂದ ಮೇಲೆ ತಾಲ್ಲೂಕಿನ ಒಳಗಿನ ಸಾಗಣೆ ಪೂರ್ತಿ ಬದಲಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಗಾಡಿಗಳು ಬಂದಿವೆ. ಇವುಗಳ ರಿಪೇರಿಗೆ ಈಗ ಸ್ಪ್ಯಾನರ್ ಜತೆ ಕಂಪ್ಯೂಟರೂ ಬೇಕು. ಹಳೇ ಬೆಂಜ್‌ನ ಎಂಜಿನ್ ಶಬ್ದ ಕೇಳಿಯೇ ಯಾವ ನಾಝಲ್ ಕೆಟ್ಟಿದೆ ಅಂತ ಹೇಳುವ ಡ್ರೈವರ್, ಮೆಕ್ಯಾನಿಕ್‌ಗಳು ಪ್ರತಿ ಪೇಟೆಯಲ್ಲೂ ಇನ್ನೂ ಒಬ್ಬಿಬ್ಬರು ಸಿಗುತ್ತಾರೆ. ನಿಮ್ಮ ಓಣಿಯಲ್ಲಿ ಅಂಥವರಿದ್ದರೆ ಅವರ ಪಿಂಚಣಿ ಅರ್ಜಿ ಏನಾಗಿದೆ ಅಂತ ಒಂದು ಮಾತು ಕೇಳಿ. ಅರ್ಜಿ ತುಂಬೋಕೆ ಬಾರದೆ ಬಿಟ್ಟವರು ಇವರಲ್ಲಿ ಅನೇಕರಿದ್ದಾರೆ.